ಒಳಗಾಲು ಮೇಲೆ, ಹೊರಗಾಲು ಕೆಳಗೆ

ನಮ್ಮ ಅತ್ತೆಗೆ ನೇರ ರಸ್ತೆ ಕಂಡರೆ ಆಗುವುದಿಲ್ಲ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಕುಕ್ ಟೌನಿನ ಮನೆಯಿಂದ ಶಿವಾಜಿನಗರದ ಮಾರುಕಟ್ಟೆಗೆ ಹೋಗಲು ಲೋಕಕ್ಕೆಲ್ಲ ಒಂದು ದಾರಿಯಾದರೆ ಅತ್ತೆಯ ಸೈಕಲ್ಲಿಗೆ ಬೇರೆಯೇ ದಾರಿ. ಮೊದಲು ಎಡಗಡೆಯ ಸಂದಿ, ಅಲ್ಲಿಂದ ಚರ್ಚಿನ ಹಿಂಬದಿ, ಆಮೇಲೆ ಯಾರದೋ ಗೇಟಿನ ಎದುರು ಬಲಕ್ಕೆ, ರೈಲ್ವೆ ಗೋಡೆಯ ಪಕ್ಕದಲ್ಲಿ ಮತ್ತೆ ಎಡಕ್ಕೆ. ನೇರ ಹೋದರೆ ಹತ್ತು ನಿಮಿಷ ಉಳಿಯುತ್ತದಲ್ಲ ಎಂದು ಕೇಳಿದರೆ, ಉಳಿದ ಹತ್ತು ನಿಮಿಷ ಇಟ್ಟುಕೊಂಡು ಏನು ಮಾಡಲಿ ಎನ್ನುತ್ತಾರೆ. ದೂರವನ್ನು ಅವರು ಕಿಲೋಮೀಟರಿನಲ್ಲಿ ಅಳೆಯುವುದೂ ಇಲ್ಲ. ಹಲಸೂರು ಕೆರೆ ಎಷ್ಟು ದೂರ ಅತ್ತೆ ಎಂದರೆ, “ಒಂಬತ್ತು ತಿರುವು, ಅದರಲ್ಲಿ ಎರಡು ಚೆನ್ನಾಗಿವೆ” ಎಂಬ ಉತ್ತರ. ಇಂದಿರಾನಗರದ ಕಡೆ ಅವರು ಹೋಗುವುದೇ ಅಪರೂಪ. ಅಲ್ಲಿನ ರಸ್ತೆಗಳನ್ನು ಯಾರೋ ಸ್ಕೇಲಿಟ್ಟು ಎಳೆದಿದ್ದಾರಂತೆ, ಅದು ಮನುಷ್ಯರು ಓಡಾಡುವ ಜಾಗವಲ್ಲವಂತೆ!

ಈ ಅತ್ತೆ ನಮ್ಮಪ್ಪನ ಅಕ್ಕ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಮುಂದೆ ಬುಟ್ಟಿಯಿರುವ ಸೈಕಲ್ ಏರಿ ಹೊರಟರೆ ಬೀದಿಯ ನಾಯಿಗಳೂ ಎದ್ದು ದಾರಿ ಬಿಡುತ್ತವೆ. ಅವರೂ ಮಾವನೂ ಹಳೆಯ ಮನೆಯೊಂದರ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದಾರೆ. ನಾನಿರುವುದು ಕಗ್ಗದಾಸಪುರ, ಭಾನುವಾರಗಳನ್ನು ಮಾತ್ರ ಅತ್ತೆಯ ಮನೆಯಲ್ಲೇ ಕಳೆಯುತ್ತೇನೆ. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಯಾವ ಭಾನುವಾರ ಏನಾಯಿತೆಂಬುದು ಹೆಚ್ಚುಕಡಿಮೆ ನೆನಪಿದೆ.

ಅತ್ತೆಯ ತತ್ವಶಾಸ್ತ್ರ ಒಂದೇ ಸಾಲಿನದು. ಒಳಗಾಲು ಮೇಲೆ, ಹೊರಗಾಲು ಕೆಳಗೆ. ಸೈಕಲ್ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ ಕಡೆಯ ಪೆಡಲು ಕೆಳಗಿದ್ದರೆ ನೆಲಕ್ಕೆ ತಗುಲಿ ಸವಾರ ನೆಲದ ಪಾಲು. ಆದ್ದರಿಂದ ಎಡಕ್ಕೆ ತಿರುಗುವಾಗ ಎಡಗಾಲು ಮೇಲೆ ಬರಬೇಕು, ಬಲಗಾಲು ಕೆಳಗಿರಬೇಕು. ಬರೀ ಕೆಳಗಿದ್ದರೆ ಸಾಲದು, ಮೈಯ ಭಾರವನ್ನೆಲ್ಲ ಆ ಕಾಲಿನ ಮೇಲೆ ಹಾಕಿ ಒತ್ತಬೇಕು. ಆಗ ಟೈರು ನೆಲವನ್ನು ಕಚ್ಚಿ ಹಿಡಿಯುತ್ತದೆ. ಬಲಕ್ಕೆ ತಿರುಗುವಾಗ ಇದರ ತಿರುಗುಮುರುಗು. ನನಗೆ ಸೈಕಲ್ ಕಲಿಸಿದಾಗ ಅತ್ತೆ ಗೇಟಿನ ಮುಂದೆ ರಂಗೋಲಿ ಪುಡಿಯಲ್ಲಿ ದೊಡ್ಡದೊಂದು ಎಂಟನ್ನು ಬರೆದು ಅದರ ಮೇಲೇ ಓಡಿಸಿದ್ದರು. ಹಬ್ಬದ ದಿನವೂ ಅವರ ಮನೆಯ ಮುಂದೆ ಅದೇ ರಂಗೋಲಿ. ಬೇರೆಯವರ ಮನೆಯ ಮುಂದೆ ನವಿಲು, ಕಮಲ; ಅತ್ತೆಯ ಮನೆಯ ಮುಂದೆ ಎಂಟು!

ಪಾಠ ಹೇಳಲು ಅವರಿಗೆ ಪರಿಚಯದ ಅಗತ್ಯವೂ ಇಲ್ಲ. ಬಾಲ್ಕನಿಯ ಕೆಳಗೆ ಯಾರೇ ಸೈಕಲ್ಲಿನಲ್ಲಿ ತಿರುಗಿದರೂ ಮೇಲಿನಿಂದ “ಒಳಗಾಲು!” ಎಂಬ ಅಶರೀರವಾಣಿ. ಒಮ್ಮೆ ಸೈಕಲ್ಲಿನಲ್ಲಿ ಊಟ ತಲುಪಿಸುವ ಯುವಕನೊಬ್ಬ ಈ ಕೂಗಿಗೆ ನಿಂತೇಬಿಟ್ಟ. ತಾನು ಹುಡುಕುತ್ತಿದ್ದ ಗಿರಾಕಿ ಇವರೇ ಎಂದುಕೊಂಡು ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದು, ಓ.ಟಿ.ಪಿ. ಹೇಳಿ ಮೇಡಂ ಎಂದ. ಅತ್ತೆ ಗಂಭೀರವಾಗಿ, “ಒಳಗಾಲು ಮೇಲೆ, ಹೊರಗಾಲು ಕೆಳಗೆ” ಎಂದರು. ಅವನು ಅದನ್ನು ಫೋನಿನಲ್ಲಿ ಒತ್ತಲು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಇಳಿದು ಹೋಗುವಾಗ ತಿರುವಿನಲ್ಲಿ ಮಾತ್ರ ಅವನ ಒಳಗಾಲು ಮೇಲಿತ್ತು, ಅದನ್ನು ನಾನೇ ನೋಡಿದೆ.

ಇಂಥ ಅತ್ತೆಗೆ ಗಂಟು ಬಿದ್ದವರು ಮೋಟರ್ ಸೈಕಲ್ಲಿನ ಮಾವ. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸವಿತ್ತು. ನಿವೃತ್ತಿಯಾಗುವವರೆಗೂ ಅದೇ ಕಪ್ಪು ಗಾಡಿಯಲ್ಲಿ ಹೋಗಿ ಬಂದರು. ಅವರ ಶಾಸ್ತ್ರವೇ ಬೇರೆ. ಬ್ರೇಕಿನ ಕೆಲಸವೆಲ್ಲ ತಿರುವಿನ ಮೊದಲೇ ಮುಗಿಯಬೇಕು. ತಿರುವಿನ ಒಳಗೆ ಹೊಕ್ಕ ಮೇಲೆ ಆಕ್ಸಿಲರೇಟರ್ ಹದವಾಗಿ ತೆರೆದೇ ಇರಬೇಕು. ಕಣ್ಣು ತಿರುವಿನ ಕೊನೆಯಲ್ಲಿರಬೇಕು. ಕಾಲುಗಳು ಸುಮ್ಮನೆ ಕೂತಿರಬೇಕು, ಕಾಲಿಗೆ ಅಲ್ಲಿ ಏನೂ ಕೆಲಸವಿಲ್ಲ.

ಕಾಲಿಗೆ ಕೆಲಸವಿಲ್ಲವೇ! ಅತ್ತೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಊಟದ ಹೊತ್ತಿಗೆ ಶುರುವಾದರೆ ಮಜ್ಜಿಗೆಯವರೆಗೂ ಇದೇ ವಾದ. ಅತ್ತೆ ಲಟ್ಟಣಿಗೆಯನ್ನು ವಾಲಿಸಿ ಸೈಕಲ್ ತೋರಿಸುವರು, ಮಾವ ಸೌಟನ್ನು ವಾಲಿಸಿ ಮೋಟರ್ ಸೈಕಲ್ ತೋರಿಸುವರು, ನಾನು ಸಾರಿಗಾಗಿ ಕಾಯುತ್ತ ಕೂರುವೆನು. ಮೋಟರ್ ಸೈಕಲ್ ಎಂದರೆ ಸೋಮಾರಿಗಳ ಸೈಕಲ್ ಎಂದು ಅತ್ತೆ. ಸೈಕಲ್ ಎಂದರೆ ಎಂಜಿನ್ ಕಳೆದುಕೊಂಡ ಗಾಡಿ ಎಂದು ಮಾವ. ಮದುವೆಯಾದ ಮೊದಲ ವರ್ಷ ಶುರುವಾದ ಈ ಜಗಳದಲ್ಲಿ ಒಬ್ಬರೂ ಒಂದು ಅಂಗುಲ ಬಿಟ್ಟುಕೊಟ್ಟಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಮಾವ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಕನ್ನಡಿ ತಿರುಗಿತಂತೆ. ಗೋಡೆ ತಿರುಗಿತು, ನೆಲ ತಿರುಗಿತು. ಕಿವಿಯೊಳಗೆ ಮೈಯ ಸಮತೋಲ ನೋಡಿಕೊಳ್ಳುವ ಭಾಗ ಕೆಟ್ಟಿದೆ, ತಲೆಸುತ್ತು ಯಾವಾಗ ಬರುತ್ತದೆಂದು ಹೇಳಲಾಗದು, ಇನ್ನು ಗಾಡಿ ಓಡಿಸುವ ಮಾತೇ ಬೇಡ ಎಂದರು ಡಾಕ್ಟರು. ಮಾವ ಮನೆಗೆ ಬಂದವರೇ ಹಳೆಯ ಮಂಚದ ಹೊದಿಕೆಯೊಂದನ್ನು ಹುಡುಕಿ ಗಾಡಿಗೆ ಹೊದಿಸಿದರು. ನಾಲ್ಕೂ ಮೂಲೆಗೆ ಗಂಟು ಹಾಕಿದರು.

ಹಾಗೆಂದು ಮನೆಯಲ್ಲೇ ಕೂರಬೇಕೆಂದು ಡಾಕ್ಟರು ಹೇಳಿರಲಿಲ್ಲ. ಆದರೆ ಆಟೋ ಹತ್ತಿದರೆ ಮೊದಲ ತಿರುವಿನಲ್ಲೇ ಮಾವನ ಹೊಟ್ಟೆ ತೊಳಸುತ್ತಿತ್ತು. ಬಸ್ಸಿನಲ್ಲೂ ಅದೇ ಕಥೆ. ಶಿವಾಜಿನಗರದಲ್ಲಿ ಅವರ ಹಳೆಯ ಗೆಳೆಯರೊಬ್ಬರ ಗ್ಯಾರೇಜಿದೆ. ಎಲ್ಲರೂ ಅವರನ್ನು ಭಾಯಿ ಎನ್ನುತ್ತಾರೆ. ಪ್ರತಿ ಶನಿವಾರ ಸಂಜೆ ಅಲ್ಲಿ ಸ್ಟೂಲಿನ ಮೇಲೆ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಬಿಚ್ಚಿದ ಎಂಜಿನ್‌ಗಳ ಬಗ್ಗೆ ಮಾತಾಡುವುದು ಮಾವನ ಏಕೈಕ ವ್ಯಸನವಾಗಿತ್ತು. ಅದು ನಿಂತಿತು. ಭಾಯಿ ಎರಡು ಸಲ ಮನೆಗೇ ಬಂದರು. ಎರಡು ಸಲವೂ ಮಾವ ನಿದ್ದೆ ಬಂದವರಂತೆ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯೇ ಅವರ ಲೋಕವಾಯಿತು.

ಒಂದು ಭಾನುವಾರ ಊಟಕ್ಕೆ ಕೂತಾಗ ಅತ್ತೆ ಬೇಕೆಂದೇ ಲಟ್ಟಣಿಗೆ ಎತ್ತಿಕೊಂಡರು. ತಿರುವಿನಲ್ಲಿ ಎಲ್ಲ ಭಾರವೂ ಹೊರಗಾಲಿನ ಮೇಲೇ ಇರಬೇಕು, ಅದು ಯಾವ ಗಾಡಿಯಾದರೂ ಸರಿ ಎಂದು ಕೆಣಕಿದರು. ಮಾವ ಸೌಟನ್ನು ಮುಟ್ಟಲಿಲ್ಲ. ಅನ್ನ ಕಲಸುತ್ತಲೇ, “ನೀನು ಹೇಳಿದ್ದೇ ಸರಿ ಕಣೆ” ಎಂದರು.

ಅತ್ತೆ ಲಟ್ಟಣಿಗೆಯ ಸಮೇತ ಅಡುಗೆಮನೆಗೆ ಹೋದರು. ನೀರು ತರಲು ನಾನು ಹಿಂದೆ ಹೋದರೆ ಸಿಂಕಿನ ಮುಂದೆ ಲಟ್ಟಣಿಗೆ ಹಿಡಿದೇ ನಿಂತಿದ್ದರು.

“ಮದುವೆಯಾದಾಗಿಂದ ಒಂದು ಸಲಾನೂ ಒಪ್ಕೊಂಡಿರ್ಲಿಲ್ಲ ಕಣೋ,” ಎಂದರು. “ನಂಗೆ ಭಯ ಆಗ್ತಿದೆ.”

ಭಯವಾದರೆ ಬೇರೆಯವರು ದೇವರಿಗೆ ಹರಕೆ ಹೊರುತ್ತಾರೆ. ಅತ್ತೆ ಪ್ರಯೋಗ ಮಾಡುತ್ತಾರೆ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಅವರ ಸೈಕಲ್ಲಿನ ಬುಟ್ಟಿಯಲ್ಲಿ ಸ್ಟೀಲಿನ ಲೋಟವೊಂದನ್ನು ಹಗ್ಗದಿಂದ ಕಟ್ಟಿ ನೀರು ತುಂಬಿಯಾಗಿತ್ತು. ಮೂಲೆಯ ತಿರುವಿನವರೆಗೆ ಹೋಗಿ, ವಾಲಿ, ತಿರುಗಿ ಬಂದರು. ರಸ್ತೆಯ ಗುಂಡಿಗಳಿಗೆ ಸಲ್ಲಬೇಕಾದ ಪಾಲು ಬಿಟ್ಟರೆ ನೀರು ಚೆಲ್ಲಿರಲಿಲ್ಲ. ಅದೇ ಲೋಟವನ್ನು ನನ್ನ ಕೈಗೆ ಕೊಟ್ಟು, ಕದಲಿಸದೆ ನೆಟ್ಟಗೆ ಹಿಡಿದಿರಬೇಕೆಂದು ತಾಕೀತು ಮಾಡಿ, ಆಟೋ ಹತ್ತಿಸಿ ಅದೇ ತಿರುವು ಸುತ್ತಿ ಬಾ ಎಂದರು. ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡುತ್ತ, ಯಾವ ದೇವಸ್ಥಾನದ ತೀರ್ಥ ಗುರು ಎಂದು ಕೇಳಿದ. ಉತ್ತರ ಹೇಳುವಷ್ಟರಲ್ಲಿ ತಿರುವು ಬಂತು. ತೀರ್ಥವೆಲ್ಲ ನನ್ನ ಅಂಗಿಗೆ ಪ್ರೋಕ್ಷಣೆಯಾಯಿತು.

ಅತ್ತೆಗೆ ನನ್ನ ಒದ್ದೆ ಅಂಗಿ ಕಂಡು ಪರಮಾನಂದ. ಅವರು ಹೇಳಿದ್ದು ಇಷ್ಟು. ಆಟೋ ನೆಟ್ಟಗೆ ನಿಂತೇ ತಿರುಗುತ್ತದೆ, ಅದಕ್ಕೇ ಒಳಗೆ ಕೂತವರ ತಲೆಯನ್ನು ಆಚೆ ಕಡೆ ಎಸೆದ ಹಾಗಾಗುತ್ತದೆ. ಎರಡು ಚಕ್ರದ್ದು ತಾನೂ ವಾಲಿ ಕೂತವರನ್ನೂ ವಾಲಿಸುತ್ತದೆ. ಲೋಟದ ನೀರಿಗೆ ತಿರುಗಿದ್ದೇ ತಿಳಿಯುವುದಿಲ್ಲ. ಮಾವನ ಕಿವಿಯೊಳಗಿರುವುದೂ ಆ ನೀರಿನಂಥದ್ದೇ ಏನೋ ಅಲ್ಲವೇ? ಅವರನ್ನು ಎರಡು ಚಕ್ರದ ಗಾಡಿಯ ಹಿಂದೆ ಕೂರಿಸಿದರೆ?

ಡಾಕ್ಟರನ್ನು ಕೇಳಿದಾಗ ಅವರು ಸ್ವಲ್ಪ ಹೊತ್ತು ಅತ್ತೆಯ ಕ್ಯಾನ್ವಾಸ್ ಶೂ ನೋಡಿದರಂತೆ. ಓಡಿಸುವುದು ಬೇಡ, ತಲೆಸುತ್ತಿಲ್ಲದ ದಿನ ನಿಧಾನವಾಗಿ, ಹತ್ತಿರದ ಜಾಗಕ್ಕೆ, ಹೆಲ್ಮೆಟ್ ಹಾಕಿ ಹಿಂದೆ ಕೂತು ನೋಡಬಹುದು ಎಂದರಂತೆ. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಮಾವ ಒಪ್ಪಲಿಲ್ಲ, ವಾರಕ್ಕೊಂದು ದಿನ ಬರುವವನನ್ನು ಕಾದು ಕೂರುವ ಬಾಳು ಬೇಡವೆಂದರು. ಗೇರಿಲ್ಲದ ಸ್ಕೂಟರ್ ಕಲಿಯಿರಿ ಅತ್ತೆ, ಸುಲಭ ಎಂದೆ. ನಿಮ್ಮ ಮಾವ ತಮ್ಮ ಗಾಡಿ ಬಿಟ್ಟು ಬೇರೆಯದರ ಮೇಲೆ ಕೂರುವವರಲ್ಲ ಎಂದು ಅತ್ತೆ ಹೊದಿಕೆಯ ಗಂಟು ಬಿಚ್ಚಿದರು.

ಹೀಗೆ ಅರವತ್ತು ದಾಟಿದ ಮೇಲೆ ನಮ್ಮತ್ತೆ ಸೀರೆ ಬಿಟ್ಟು ಚೂಡಿದಾರ್ ತೊಟ್ಟು, ಗಾಡಿಯ ಮುಂದೊಂದು ಹಿಂದೊಂದು ಕೆಂಪು ‘ಎಲ್’ ಅಂಟಿಸಿ, ಮೋಟರ್ ಸೈಕಲ್ ಕಲಿಯಲು ಹೊರಟರು. ಭಾಯಿ ಗಾಡಿಯನ್ನು ಗ್ಯಾರೇಜಿಗೆ ಒಯ್ದು ಹೊಸ ಬ್ಯಾಟರಿ ಹಾಕಿ ಎಬ್ಬಿಸಿ ತಂದರು. ಹಿಂದೆ ಕೂರುವ ಲೈಸೆನ್ಸುದಾರನ ಪಾತ್ರ ನನ್ನದು. ಭಾನುವಾರ ಬೆಳಿಗ್ಗೆ ಆ ಬೀದಿಯಲ್ಲಿ ವಾಹನವೇ ಇರುವುದಿಲ್ಲ. ನೇರ ರಸ್ತೆಯಲ್ಲಿ ಅತ್ತೆ ಸಲೀಸಾಗಿ ಓಡಿಸಿದರು. ಮೂಲೆಯ ಮಳೆಮರದ ಹತ್ತಿರ ಎಡಕ್ಕೆ ತಿರುಗಿಸಿದ್ದೇ ತಡ, ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರಿ ನಿಂತುಹೋಯಿತು. ಹೇಗೋ ಕಾಲು ಕೊಟ್ಟು ಉಳಿದೆವು. ಇನ್ನೊಂದು ಸುತ್ತು ಬಲಕ್ಕೆ. ಅಲ್ಲಿ ಇನ್ನೂ ವಿಚಿತ್ರ. ತಿರುವಿನ ನಡುವೆ ತಾನೇ ತಾನಾಗಿ ಗೇರು ಬದಲಾಯಿತು, ಎಂಜಿನ್ ಗುಕ್ಕುಗುಕ್ಕೆಂದು ಕೆಮ್ಮಿ ಸತ್ತಿತು.

ಭಾಯಿ ಹಿಂದಿನ ಬ್ರೇಕನ್ನು ಸಡಿಲ ಮಾಡಿದರು. ಮತ್ತೆ ಅದೇ. ಗೇರಿನ ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿದರು. ತಾವೇ ಒಂದು ಸುತ್ತು ಹೋಗಿ ಬಂದರು. ಗಾಡಿ ಬೆಣ್ಣೆಯ ಹಾಗೆ ತಿರುಗಿತು. ಅತ್ತೆ ಹತ್ತಿದರೆ ಎಡಕ್ಕೆ ಬ್ರೇಕು, ಬಲಕ್ಕೆ ಗೇರು. ಭಾಯಿ ಟೋಪಿ ತೆಗೆದು ತಲೆ ಕೆರೆದುಕೊಂಡರು. “ಇಷ್ಟು ವರ್ಷ ಗಾಡಿ ನೋಡಿದೀನಿ ಭಾಭಿ, ಆದ್ಮೀನ ಗುರುತು ಹಿಡಿಯೋ ಗಾಡಿ ಇದೇ ಮೊದ್ಲು,” ಎಂದರು.

ಆಗ ಮೇಲಿನಿಂದ ಒಂದು ದನಿ ಬಂತು. ಗಾಡಿಯ ವಿಷಯಕ್ಕೆ ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಮಾವ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು.

“ಗಾಡಿಗೇನೂ ಆಗಿಲ್ಲ ಭಾಯಿ. ಅವಳು ಪೆಡಲ್ ತುಳೀತಿದಾಳೆ.”

ನಮಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಎಡಕ್ಕೆ ತಿರುಗುವಾಗ ಅತ್ತೆಯ ಹೊರಗಾಲು ಬಲಗಾಲು. ಹೊರಗಾಲನ್ನು ಭಾರ ಹಾಕಿ ಒತ್ತಬೇಕಲ್ಲ, ಒತ್ತುತ್ತಿದ್ದರು. ಸೈಕಲ್ಲಿನಲ್ಲಿ ಆ ಕಾಲಿನ ಕೆಳಗೆ ಪೆಡಲು, ಮೋಟರ್ ಸೈಕಲ್ಲಿನಲ್ಲಿ ಹಿಂದಿನ ಬ್ರೇಕು! ಬಲಕ್ಕೆ ತಿರುಗುವಾಗ ಹೊರಗಾಲು ಎಡಗಾಲು. ಅದರ ಕೆಳಗೆ ಗೇರು! ಬಾಳಿನುದ್ದಕ್ಕೂ ಯಾವ ವಿದ್ಯೆಯಿಂದ ಬೀಳದೆ ಉಳಿದಿದ್ದರೋ ಅದೇ ವಿದ್ಯೆ ಈಗ ಅವರನ್ನು ಬೀಳಿಸಲು ನೋಡುತ್ತಿತ್ತು. ತಪ್ಪು ಕಲಿತದ್ದನ್ನು ಬಿಡುವುದು ಸುಲಭ, ಸರಿಯಾಗಿ ಕಲಿತದ್ದನ್ನು ಬಿಡುವುದು ಹೇಗೆ? ಅತ್ತೆ ತಮ್ಮ ಕಾಲನ್ನೇ ದಿಟ್ಟಿಸಿ ನೋಡಿದರು, ಮೂರು ದಶಕ ಮನೆಯಲ್ಲಿದ್ದು ಕೊನೆಗೆ ಎದುರುಪಾರ್ಟಿ ಸೇರಿದವರನ್ನು ನೋಡುವ ಹಾಗೆ.

ಉಪಾಯವೂ ಮೇಲಿನಿಂದಲೇ ಬಂತು. ಹಿಂದಿನ ಕಾಲದ ಆಟೋಗಳಲ್ಲಿ ಹಿಸುಕಿದರೆ ಪೋಂ ಎನ್ನುವ ರಬ್ಬರಿನ ಹಾರನ್ ಇರುತ್ತಿತ್ತಲ್ಲ, ಅಂಥದೊಂದನ್ನು ಗುಜರಿಯಲ್ಲಿ ಹುಡುಕಿ ಬ್ರೇಕಿನ ಪೆಡಲಿನ ಮೇಲೆ ಕಟ್ಟಿರಿ, ಕಾಲು ತಾನಾಗಿ ಒತ್ತಿದಾಗ ಅವಳಿಗೇ ಗೊತ್ತಾಗಲಿ ಎಂದರು ಮಾವ. ಗೇರಿನ ಕಡೆಗೆ ಬೇಡ, ಎಂಜಿನ್ನೇ ಕೂಗಿಕೊಳ್ಳುತ್ತದೆ. ಮುಂದಿನ ಭಾನುವಾರ ಭಾಯಿ ಹಾರನ್ ಸಮೇತ ಬಂದರು.

ಆ ಬೆಳಿಗ್ಗೆಯನ್ನು ಬೀದಿಯವರು ಮರೆತಿರಲಾರರು. ಅತ್ತೆ ತಿರುಗಿದರೆ ಪೋಂ. ಮತ್ತೆ ತಿರುಗಿದರೆ ಪೋಂ. ಅಂಥದೇ ಹಾರನ್ ಹಿಸುಕುತ್ತ ಬೀದಿಗೆ ಬರುವ ಬನ್ನಿನವನು ಬಂದನೆಂದು ಮೂರು ಮನೆಯವರು ತಟ್ಟೆ ಹಿಡಿದು ಹೊರಗೆ ಬಂದರು. ಎದುರುಮನೆಯ ಅಜ್ಜಿಯಂತೂ ಹೆಲ್ಮೆಟ್ ಹಾಕಿದ ಅತ್ತೆಯನ್ನು ನಿಲ್ಲಿಸಿ, ಕೊಬ್ಬರಿ ತುಂಬಿದ ದಿಲ್ ಪಸಂದ್ ಇದೆಯಾ ಎಂದೂ ಕೇಳಿದರು. ಅಷ್ಟರಲ್ಲಿ ನಿಜವಾದ ಬನ್ನಿನವನು ಬಂದು, ತನ್ನ ಏರಿಯಾಕ್ಕೆ ಪೈಪೋಟಿ ಬಂದಿದೆಯೆಂದು ಭಾಯಿಯ ಜೊತೆ ಜಗಳಕ್ಕೆ ನಿಂತ. ಆ ಭಾನುವಾರಗಳ ಪುಟಗಳಲ್ಲಿ ನಾನು ಪೋಂ ಒಂದಕ್ಕೆ ಒಂದರಂತೆ ಗೆರೆ ಎಳೆದಿದ್ದೇನೆ. ಮೊದಲ ಪುಟ ಮುಳ್ಳುಬೇಲಿಯಂತಿದೆ. ಬರುಬರುತ್ತ ಬೇಲಿ ತೆಳುವಾಗುತ್ತದೆ.

ನಾನು ಗೆರೆ ಎಳೆಯದೇ ನೋಡುತ್ತಿದ್ದ ಸಂಗತಿ ಇನ್ನೊಂದಿತ್ತು. ಮಾವನ ಕುರ್ಚಿ. ಬಾಲ್ಕನಿಯಿಂದ ತಿರುವು ಸರಿಯಾಗಿ ಕಾಣುವುದಿಲ್ಲವೆಂದು ಮಾವ ಒಂದು ವಾರ ಅದನ್ನು ಕೆಳಗಿನ ಗೇಟಿಗೆ ತರಿಸಿದರು. ಅಲ್ಲಿಂದ ಅತ್ತೆಯ ಕಾಲು ಕಾಣುವುದಿಲ್ಲವೆಂದು ಮುಂದಿನ ವಾರ ವಿದ್ಯುತ್ ಕಂಬದ ಹತ್ತಿರ. ಆಮೇಲೆ ನೇರ ಮಳೆಮರದ ಬುಡಕ್ಕೆ, ತಿರುವಿನ ಎದುರಿಗೇ. ಗೋಡೆ ಹಿಡಿದು ನಿಧಾನವಾಗಿ ನಡೆದು ಬಂದು ಕೂರುತ್ತಿದ್ದರು. ಭಾಯಿ ಫ್ಲಾಸ್ಕಿನಲ್ಲಿ ಚಹಾ ತರಲು ಶುರು ಮಾಡಿದರು.

ಜಗಳವೂ ಮರಳಿತು. ಸೈಕಲ್ಲಿನಲ್ಲಿ ತಿರುವು ಬಂದಾಗ ತುಳಿಯುವುದನ್ನು ನಿಲ್ಲಿಸಿ ತೇಲುತ್ತ ಹೋಗುವುದು ಅತ್ತೆಯ ರೂಢಿ. ಇಲ್ಲೂ ಅವರು ತಿರುವಿನೊಳಗೆ ಆಕ್ಸಿಲರೇಟರ್ ಪೂರ್ತಿ ಮುಚ್ಚಿಬಿಡುತ್ತಿದ್ದರು. ಗಾಡಿ ಬಸವಳಿದು ಒಳಕ್ಕೆ ಕುಸಿಯುತ್ತಿತ್ತು. “ತಿರುವಲ್ಲಿ ಅದನ್ನ ಉಪವಾಸ ಕೆಡವ್ಬೇಡ ಕಣೆ, ಸ್ವಲ್ಪ ಸ್ವಲ್ಪ ಕೊಡ್ತಾ ಇರು,” ಎಂದು ಮಾವ. ಕೊಟ್ಟರೆ ಗೋಡೆಗೆ ಹೋಗಿ ಗುದ್ದುತ್ತೇನೆಂದು ಅತ್ತೆ. ಬಲಕ್ಕೆ ತಿರುಗುವಾಗ ಸೈಕಲ್ಲಿನವರಂತೆ ಬಲಗೈ ಚಾಚಿ ಸನ್ನೆ ಮಾಡುತ್ತಿದ್ದುದು ಬೇರೆ. ಆಕ್ಸಿಲರೇಟರ್ ಇರುವುದೇ ಆ ಕೈಯಲ್ಲಿ! ಲೋಕಕ್ಕೆ ಸನ್ನೆ ಮಾಡಿ ಅಲ್ಲೇ ನಿಂತುಬಿಡುತ್ತಿದ್ದರು. ಮಾವ ಮರದ ಕೆಳಗೆ ಕೂತು ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕದ್ದನ್ನು ನೋಡಲೆಂದೇ ಅತ್ತೆ ಇನ್ನೊಂದು ಸಲ ಹಾಗೆ ಮಾಡಿದರೆಂದು ನನ್ನ ಗುಮಾನಿ.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಕಡೆಗೆ ಬಂದು ನಿಂತರು. ಸ್ವಲ್ಪ ವೇಗದಲ್ಲಿದ್ದಾಗ ಎಡಕ್ಕೆ ತಿರುಗಬೇಕೆಂದರೆ ಹ್ಯಾಂಡಲ್ಲಿನ ಎಡತುದಿಯನ್ನು ಮುಂದಕ್ಕೆ ಮೆಲ್ಲಗೆ ತಳ್ಳಬೇಕು. ಅಂದರೆ ಚಕ್ರ ಒಂದು ಚೂರು ಬಲಕ್ಕೆ ಹೊರಳಬೇಕು. ಆಗ ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ್ದು ತಿರುಗುತ್ತದೆ. ಮಾವ ಇದನ್ನು ಹೇಳಿದಾಗ ಅತ್ತೆ, ಸೈಕಲ್ಲಿನಲ್ಲೂ ಹಾಗೆಯೇ ಎಂದರು. ಸೈಕಲ್ಲಿನಲ್ಲಿ ಹಾಗಿಲ್ಲ ಎಂದು ಮಾವ. ಅತ್ತೆ ಸೈಕಲ್ ತಂದು ಮಾಡಿ ತೋರಿಸಿದರು. ಮಾವ ಬಹಳ ಹೊತ್ತು ನೋಡಿ, ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದರು. ನೀವು ಸೌಟು ಕೆಳಗಿಟ್ಟಿದ್ದರೆ ತಾನೆ ಎಂದರು ಅತ್ತೆ. ಹೋಗಬೇಕಾದ ಕಡೆಗೆ ಹೊರಳಲು ಮೊದಲು ಒಂದಿಷ್ಟು ಇನ್ನೊಂದು ಕಡೆಗೆ ಸೋಲಬೇಕು ಎಂಬುದನ್ನು ಇಬ್ಬರೂ ಬೇರೆ ಬೇರೆ ಗಾಡಿಗಳ ಮೇಲೆ ಕೂತು ಮೊದಲಿನಿಂದ ಮಾಡುತ್ತಲೇ ಬಂದಿದ್ದರು. ತಿಳಿದಿರಲಿಲ್ಲ, ಅಷ್ಟೆ.

ಚಾಲನಾ ಪರೀಕ್ಷೆಯ ದಿನ ನಾನು ಆಫೀಸಿಗೆ ರಜೆ ಹಾಕಿದೆ. ಸಾಲಿನಲ್ಲಿದ್ದವರೆಲ್ಲ ಕಾಲೇಜಿನ ಹುಡುಗರು. ಇನ್ಸ್‌ಪೆಕ್ಟರು ಅತ್ತೆಯನ್ನು ನೋಡಿ, ಮಗನ ಜೊತೆ ಬಂದಿದ್ದೀರಾ, ಆಚೆ ನೆರಳಿನಲ್ಲಿ ಕೂತ್ಕೊಳ್ಳಿ ಎಂದರು. ಪರೀಕ್ಷೆ ನನಗೆ, ಇವನು ನನ್ನ ಜೊತೆ ಬಂದಿದ್ದಾನೆ ಎಂದರು ಅತ್ತೆ. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದುದು ಅದೇ ಎಂಟು. ಕಾಲು ಊರದೆ ಅದರ ಮೇಲೆ ಓಡಿಸಬೇಕು. ಅತ್ತೆ ಅದನ್ನು ನೋಡಿ ಎಷ್ಟು ಖುಷಿಪಟ್ಟರೆಂದರೆ, ರೇಖೆ ಸ್ವಲ್ಪ ದಪ್ಪವಾಯಿತು, ಪುಡಿಯಲ್ಲಾದರೆ ಇನ್ನೂ ನಾಜೂಕಾಗಿ ಬರುತ್ತದೆ ಎಂದು ಇನ್ಸ್‌ಪೆಕ್ಟರಿಗೇ ಸಲಹೆ ಕೊಟ್ಟರು. ಒಂದು ಸುತ್ತು ಹಾಕಿದರು. ಪಾಸು, ಬನ್ನಿ ಎಂದರು ಅವರು. ಅತ್ತೆ ನಿಲ್ಲಿಸಲಿಲ್ಲ. ಎರಡನೆಯ ಸುತ್ತು. ಮೂರನೆಯ ಸುತ್ತು. ಸಾಕಮ್ಮ ಎಂದು ಇನ್ಸ್‌ಪೆಕ್ಟರು ಕೂಗಿದರು.

“ಎಡದ್ದು ಸರಿಯಾಗಿ ಬರ್ಲಿಲ್ಲ ಸಾರ್,” ಎಂದರು ಅತ್ತೆ ವಾಲಿದ ಗಾಡಿಯ ಮೇಲಿನಿಂದಲೇ. “ಇನ್ನೊಂದ್ಸಲ.”

ಲೈಸೆನ್ಸು ಬಂತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮಾವ ಹಿಂದೆ ಕೂರಲಿಲ್ಲ.

ಒಂದು ಶನಿವಾರ ಬಿಸಿಲು ಜಾಸ್ತಿ ಎಂದರು. ಇನ್ನೊಂದು ಶನಿವಾರ ಮೋಡ. ಹೆಲ್ಮೆಟ್ ಬಿಗಿ ಎಂದರು, ದೊಡ್ಡದು ತಂದರೆ ಸಡಿಲ ಎಂದರು. ಭಾಯಿ ಚಹಾ ಇಲ್ಲಿಗೇ ತರುತ್ತಾರಲ್ಲ, ಅಲ್ಲಿಗೆ ಹೋಗಿ ಮಾಡುವುದೇನು ಎಂದೂ ಹೇಳಿದರು. ಅತ್ತೆ ಗಾಡಿಯನ್ನು ಒರೆಸಿ ಒಳಗಿಡುತ್ತಿದ್ದರು. ಕಲಿಸುವುದು ಮುಗಿದ ಮೇಲೆ ಮಳೆಮರದ ಕೆಳಗೆ ಮಾವನಿಗೂ ಕೆಲಸವಿರಲಿಲ್ಲ. ಕುರ್ಚಿ ಮತ್ತೆ ಗೇಟಿಗೆ ಬಂತು. ಅದರ ಮುಂದಿನ ವಾರ ಬಾಲ್ಕನಿಗೆ.

ನಾನು ಅಲ್ಲಿ ಅವರ ಪಕ್ಕ ಕೂತು ನೇರವಾಗಿಯೇ ಕೇಳಿದೆ. ಅತ್ತೆಯ ಮೇಲೆ ನಂಬಿಕೆಯಿಲ್ಲವೇ ಎಂದೆ. ಮಾವ ಬೀದಿಯನ್ನೇ ನೋಡುತ್ತಿದ್ದರು.

“ಅವಳ ಮೇಲಿದೆ ಕಣೋ. ನನ್ನ ಮೇಲಿಲ್ಲ,” ಎಂದರು. “ತಿರುವಲ್ಲಿದ್ದಾಗ ತಲೆ ಗಿರ್ ಅಂತು ಅನ್ಕೋ. ಎತ್ತ ಕಡೆ ವಾಲ್ತೀನೋ ನಂಗೇ ಗೊತ್ತಾಗಲ್ಲ. ಹಿಂದಿನೋನು ಆಚೆ ವಾಲಿದ್ರೆ ಮುಂದಿನೋರು ಏನ್ಮಾಡೋಕಾಗತ್ತೆ? ಇಷ್ಟು ವಯಸ್ಸಾದ್ಮೇಲೆ ಅವಳನ್ನ ನಾನೇ ಬೀಳ್ಸೋದಾ?”

ಇದನ್ನು ಅತ್ತೆಗೆ ಹೇಳಬೇಡವೆಂದು ಅವರು ಹೇಳಲಿಲ್ಲ. ನಾನು ಹೇಳಿದೆ. ಅತ್ತೆ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಬುಟ್ಟಿಯಲ್ಲಿದ್ದುದನ್ನೆಲ್ಲ ಬಿಡಿಸಿ ಮುಗಿಸಿದ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಿನ್ನ ತೂಕ ಎಷ್ಟು?”

“ಎಪ್ಪತ್ತೆರಡು.”

“ಅವರು ಅರವತ್ತೆಂಟು. ಸಾಕು.”

ಮರುವಾರ ಬೆಳಿಗ್ಗೆ ಅತ್ತೆ ಮಾವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಮಳೆಮರದ ಕೆಳಗೆ ಕೂರಿಸಿದರು. ಏನು ಎತ್ತ ಹೇಳಲಿಲ್ಲ. ನನ್ನನ್ನು ಹಿಂದೆ ಹತ್ತಿಸಿಕೊಂಡು ನಾಲ್ಕು ಗಜ ಹೋದ ಮೇಲೆ, ತಿರುವಿನಲ್ಲಿ ಆಚೆ ಕಡೆಗೆ ವಾಲು, ನನ್ನನ್ನು ಬೀಳಿಸಲು ನೋಡು ಎಂದರು. ಅತ್ತೆಯನ್ನು ಬೀಳಿಸಲು ಯಾರಿಗೆ ಮನಸ್ಸು ಬರುತ್ತದೆ? ಮೊದಲ ಸುತ್ತಿನಲ್ಲಿ ಭುಜವನ್ನು ಒಂದಿಷ್ಟು ಆಚೆ ಸರಿಸಿ ಶಾಸ್ತ್ರ ಮುಗಿಸಿದೆ. ಅತ್ತೆ ಗಾಡಿ ನಿಲ್ಲಿಸಿ ಹಿಂದೆ ತಿರುಗಿದರು.

“ಹೆಣ್ಣು ನೋಡೋಕೆ ಬಂದೋನ ಥರ ಕೂರ್ಬೇಡ. ಬೀಳ್ಸು ಅಂದ್ರೆ ಬೀಳ್ಸು.”

ಎರಡನೆಯ ಸುತ್ತಿನಲ್ಲಿ ನಿಜವಾಗಿಯೇ ಹೊರಗೆ ವಾಲಿದೆ. ಗಾಡಿ ಅಗಲಕ್ಕೆ ಸರಿಯಿತು. ಅತ್ತೆ ಹ್ಯಾಂಡಲ್ಲಿನ ಒಳತುದಿಯನ್ನು ಇನ್ನೊಂದಿಷ್ಟು ತಳ್ಳಿ ಅದನ್ನು ತಂದು ದಾರಿಗೆ ಕೂರಿಸಿದರು. ಮೂರನೆಯದರಲ್ಲಿ ನಾನು ಮುನ್ಸೂಚನೆ ಕೊಡದೆ, ತಿರುವಿನ ನಟ್ಟನಡುವೆ, ತಲೆಸುತ್ತಿ ಬಿದ್ದವನ ಹಾಗೆ ಮೈಯನ್ನೆಲ್ಲ ಒಂದು ಕಡೆಗೆ ಚೆಲ್ಲಿದೆ. ಮುಂದಿನ ಚಕ್ರ ಅದುರಿತು. ಮರದ ಕೆಳಗೆ ಮಾವ ಎದ್ದು ನಿಂತದ್ದು ಕಂಡಿತು. ನಾನು ಅತ್ತೆಯ ಬಲಗಾಲನ್ನೇ ನೋಡುತ್ತಿದ್ದೆ. ಅದು ಬ್ರೇಕಿನ ಮೇಲೆ ಹಕ್ಕಿಯ ಹಾಗೆ ಕೂತಿತ್ತು, ಒತ್ತಲಿಲ್ಲ. ಎಂಜಿನ್ನಿನ ದನಿ ಒಂದೇ ಸಮನಿತ್ತು. ಗಾಡಿ ಒಮ್ಮೆ ಹೊಯ್ದಾಡಿ, ನನ್ನ ಎಪ್ಪತ್ತೆರಡು ಕಿಲೋವನ್ನೂ ಹೊತ್ತುಕೊಂಡು ತಿರುವು ದಾಟಿತು.

ಅತ್ತೆ ಸುತ್ತು ಹಾಕಿ ಬಂದು ಮರದ ಎದುರು ನಿಲ್ಲಿಸಿದರು. ಮಾವನ ಕಡೆ ನೋಡದೆ ಮೀಟರಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿದರು. ಮಾವ ಮೆಲ್ಲಗೆ ಹತ್ತಿರ ಬಂದರು.

“ಇಳಿಯೋ,” ಎಂದರು ನನಗೆ. “ಹಿಂದೆ ಕೂರೋ ರೀತಿನೇನೋ ಅದು?”

ನನ್ನ ಹೆಲ್ಮೆಟ್ಟನ್ನೇ ತೆಗೆದು ಹಾಕಿಕೊಂಡರು. ನನ್ನ ಹೆಗಲು ಹಿಡಿದು ಕಾಲು ಆಚೆ ಹಾಕಿ ಕೂತರು. ತಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಎಂದೂ ಕೂತವರಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದಿನ ಕಂಬಿಯನ್ನು ಹಿಡಿದುಕೊಂಡರು.

“ಅಲ್ಲಿ ಹಿಡ್ಕೊಂಡ್ರೆ ನೀವು ಎತ್ತ ವಾಲ್ತಿದೀರ ಅಂತ ನಂಗೆ ಗೊತ್ತಾಗಲ್ಲ ರೀ,” ಎಂದರು ಅತ್ತೆ. “ನನ್ನನ್ನ ಹಿಡ್ಕೊಳ್ಳಿ.”

ಹಾಡಹಗಲು, ಎದುರುಮನೆಯ ಅಜ್ಜಿ ಬಾಗಿಲಲ್ಲೇ ನಿಂತಿದ್ದಾರೆ. ಮಾವ ಆಚೆ ಈಚೆ ನೋಡಿ, ಒಂದು ಕೈಯನ್ನು ಅತ್ತೆಯ ಸೊಂಟದ ಪಕ್ಕ ತಂದಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ.

ಅತ್ತೆ ಹೊರಟರು. ಶಿವಾಜಿನಗರದ ಕಡೆಗೆ ಎಡಕ್ಕೆ ತಿರುಗಬೇಕು. ತಿರುವಿನ ಮೊದಲೇ ವೇಗ ಇಳಿಯಿತು, ಗಾಡಿ ವಾಲಿತು, ಎರಡು ಹೆಲ್ಮೆಟ್ಟುಗಳೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ವಾಲಿದವು. ತಿರುವು ಮುಗಿದ ಮೇಲೆ ಗಾಡಿ ತಾನಾಗಿ ನೆಟ್ಟಗಾಯಿತು. ಮಾವ ಮಾತ್ರ ಅತ್ತೆಯ ಬೆನ್ನಿಗೆ ಒರಗಿದವರು ಹಾಗೆಯೇ ಒರಗಿಕೊಂಡಿದ್ದರು.